ಹಲ್ಲಿನ ಭಯಕ್ಕೆ ಮಾತ್ರೆ ಬಂದ ಕತೆ

ಹಲ್ಲು ನೋವಿಗೆ ನಮ್ಮ ಊರುಗಳಲ್ಲಿ ಮೊದಲ ಔಷಧ ಲವಂಗ. ಅದಕ್ಕೂ ಬಗ್ಗದಿದ್ದರೆ ಉಪ್ಪುನೀರು. ಆಮೇಲೆ ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ. ಕೆನ್ನೆ ಊದಿ, ಎರಡು ರಾತ್ರಿ ನಿದ್ದೆಗೆಟ್ಟ ಮೇಲಷ್ಟೇ ಹಲ್ಲಿನ ಡಾಕ್ಟರ ನೆನಪು. ದುಡ್ಡು, ದೂರ, ಕೆಲಸ ಬಿಟ್ಟು ಹೋಗಬೇಕಾದ ಕಷ್ಟ, ಎಲ್ಲವೂ ಇದಕ್ಕೆ ಕಾರಣ. ಆದರೆ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣವೂ ಇದೆ. ಅದು ಭಯ.

ಕತ್ತಲಲ್ಲಿ ಹೊಲಕ್ಕೆ ನೀರು ಕಟ್ಟುವವರು, ಆಳದ ಬಾವಿಗೆ ಇಳಿಯುವವರು ಕೂಡ ಆ ಕುರ್ಚಿಯ ಮೇಲೆ ಒರಗಿ ಬಾಯಿ ತೆರೆಯಬೇಕೆಂದರೆ ಬೆವರುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ಭಯ ಪ್ರಪಂಚದ ಎಲ್ಲ ಕಡೆಯೂ ಇದೆ. ಆದರೆ ಮುಂದೂಡಿದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಕೆಳದವಡೆಯ ಹುಳುಕು ಹಲ್ಲಿನ ಬೇರಿನಲ್ಲಿ ಕೀವು ತುಂಬಿ, ನಾಲಿಗೆಯ ಕೆಳಗೆ ಹರಡಿ, ಕುತ್ತಿಗೆಗೆ ಇಳಿದು, ಉಸಿರಿನ ದಾರಿಯನ್ನೇ ಮುಚ್ಚಿಬಿಡಬಹುದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದರು. ಇವತ್ತಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಹಾಗಾದರೆ ಭಯಕ್ಕೆ ಔಷಧ ಇಲ್ಲವೇ? ಇದೆ. ಚಿಕಿತ್ಸೆಗೆ ಒಂದು ಗಂಟೆ ಮೊದಲು ನುಂಗುವ ಮಂಪರು ಮಾತ್ರೆಗಳಿವೆ, ಮಕ್ಕಳಿಗೆ ಕುಡಿಸುವ ಸಿರಪ್ ಇದೆ. ಎಚ್ಚರ ಪೂರ್ತಿ ತಪ್ಪುವುದಿಲ್ಲ, ಕರೆದರೆ ಓಗೊಡುತ್ತೀರಿ. ಎದೆಬಡಿತ ಮಾತ್ರ ಇಳಿಯುತ್ತದೆ, ಕೈ ನಡುಗುವುದು ನಿಲ್ಲುತ್ತದೆ. ಈ ಮಾತ್ರೆ ಇಲ್ಲಿಯವರೆಗೆ ಬಂದ ದಾರಿ ಮಾತ್ರ ಸಲೀಸಾಗಿರಲಿಲ್ಲ. ನೋವನ್ನು ಗೆದ್ದ ಮೇಲೂ ಭಯ ಉಳಿಯಿತು. ಭಯಕ್ಕೆ ಮಾತ್ರೆ ಸಿಕ್ಕಿತು. ಮಾತ್ರೆ ಕೊಟ್ಟವರು ಪಕ್ಕದಲ್ಲಿ ಕೂತು ಉಸಿರನ್ನು ನೋಡಿಕೊಳ್ಳಬೇಕು ಎನ್ನುವ ಪಾಠ ಕಲಿಯಲು ಇನ್ನೂ ಬಹಳ ಕಾಲ ಹಿಡಿಯಿತು. ಆ ಪಾಠಕ್ಕೆ ಹಲವರು ಜೀವ ತೆತ್ತರು.

ಕೂಗು ಮುಚ್ಚುತ್ತಿದ್ದ ಸಂತೆ

ಸಂತೆ, ಜಾತ್ರೆಗಳಲ್ಲಿ ಚಾಪೆ ಹಾಸಿ ಹಲ್ಲು ಕೀಳುತ್ತಿದ್ದವರನ್ನು ನಮ್ಮ ಹಿರಿಯರು ನೋಡಿದ್ದಾರೆ. ಯುರೋಪಿನಲ್ಲೂ ಹಾಗೇ ಇತ್ತು. ಸುಮಾರು 300 ವರ್ಷಗಳ ಹಿಂದೆ ಪ್ಯಾರಿಸ್ ಪಟ್ಟಣದ ಪೊಂ ನಫ್ ಸೇತುವೆಯ ಮೇಲೆ 'ದೊಡ್ಡ ತೋಮಾ' ಎಂಬ ಹಲ್ಲು ಕೀಳುವವನು ಬಣ್ಣದ ಅಂಗಿ ತೊಟ್ಟು ಜನ ಸೇರಿಸುತ್ತಿದ್ದ. ಇಂಥವರ ಪಕ್ಕದಲ್ಲಿ ಡೋಲು, ತುತ್ತೂರಿಯವರೂ ಇರುತ್ತಿದ್ದರು. ಜನ ಸೇರಿಸುವುದಕ್ಕೂ ಆಯಿತು, ಕೂತವನ ಕೂಗು ಬೇರೆಯವರಿಗೆ ಕೇಳದಂತೆ ಮಾಡುವುದಕ್ಕೂ ಆಯಿತು.

ಇದೇ ಫ್ರಾನ್ಸಿನಲ್ಲಿ ಪಿಯೆರ್ ಫೊಶಾರ್ ಎಂಬ ವೈದ್ಯರು 1728ರಲ್ಲಿ ಹಲ್ಲಿನ ಚಿಕಿತ್ಸೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ಆಗೆಲ್ಲ ರೋಗಿಯನ್ನು ನೆಲದ ಮೇಲೆ ಕೂರಿಸಿ, ತಲೆಯನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು ಹಲ್ಲು ಕೀಳುವುದು ವಾಡಿಕೆ. ಅದು ಬೇಡ, ಒಳ್ಳೆಯ ಕುರ್ಚಿಯಲ್ಲಿ ಆರಾಮಾಗಿ ಕೂರಿಸಿ ಎಂದರು ಫೊಶಾರ್. ಔಷಧ ಯಾವುದೂ ಇಲ್ಲದ ಕಾಲದಲ್ಲಿ ಭಯ ಇಳಿಸಲು ಇದ್ದದ್ದು ಇಂಥ ಮರ್ಯಾದೆಯ ನಡವಳಿಕೆ ಒಂದೇ.

ನಗೆ ಅನಿಲದ ಆಟ

ನೋವಿನ ಮೇಲೆ ಮೊದಲ ಗೆಲುವು ಸಿಕ್ಕಿದ್ದು ದೊಡ್ಡ ಆಸ್ಪತ್ರೆಯ ಸರ್ಜನ್‌ಗಳಿಗಲ್ಲ, ಹಲ್ಲಿನ ಡಾಕ್ಟರುಗಳಿಗೆ. ಅದಕ್ಕೆ ಕಾರಣವೂ ಇದೆ. ದಿನ ಬೆಳಗಾದರೆ ಕಿರುಚಾಟ ಕೇಳುತ್ತಿದ್ದವರು, ಹೆದರಿ ಅರ್ಧ ದಾರಿಯಲ್ಲೇ ವಾಪಸ್ಸಾಗುವ ಗಿರಾಕಿಗಳನ್ನು ಕಾಣುತ್ತಿದ್ದವರು ಅವರೇ.

ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಅವರಿಗೆ ಬುದ್ಧಿಹಲ್ಲಿನ ವಸಡು ಊದಿಕೊಂಡಿತ್ತು. ನೈಟ್ರಸ್ ಆಕ್ಸೈಡ್ ಎಂಬ ಅನಿಲ ಎಳೆದುಕೊಂಡಾಗ ನೋವು ಕಡಿಮೆಯಾಯಿತು. ಶಸ್ತ್ರಚಿಕಿತ್ಸೆಗೂ ಇದು ಉಪಯೋಗಕ್ಕೆ ಬರಬಹುದು ಎಂದು 1800ರಲ್ಲೇ ಅವರು ಬರೆದಿಟ್ಟರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ 44 ವರ್ಷ ಆ ಅನಿಲ ಮೋಜಿನ ವಸ್ತುವಾಗಿಯೇ ಉಳಿಯಿತು. ಎಳೆದುಕೊಂಡವರು ನಗುತ್ತಾರೆ, ತೂರಾಡುತ್ತಾರೆ. ಅದಕ್ಕೇ ನಗೆ ಅನಿಲ ಎಂಬ ಹೆಸರು.

1844ರ ಡಿಸೆಂಬರ್ 10. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಗಾರ್ಡ್‌ನರ್ ಕೋಲ್ಟನ್ ಎಂಬುವರು ಟಿಕೆಟ್ ಇಟ್ಟು ಈ ಅನಿಲದ ಪ್ರದರ್ಶನ ನಡೆಸಿದರು. ಅನಿಲ ಎಳೆದುಕೊಂಡ ಯುವಕನೊಬ್ಬ ಕುಣಿದಾಡುವಾಗ ಬೆಂಚಿಗೆ ಬಡಿದು ಕಾಲಿಗೆ ಗಾಯ ಮಾಡಿಕೊಂಡ. ರಕ್ತ ಸುರಿಯುತ್ತಿದ್ದರೂ ಅವನಿಗೆ ಗೊತ್ತೇ ಆಗಲಿಲ್ಲ. ನೋಡುತ್ತಾ ಕೂತಿದ್ದವರಲ್ಲಿ ಹೊರೇಸ್ ವೆಲ್ಸ್ ಎಂಬ ಹಲ್ಲಿನ ಡಾಕ್ಟರೂ ಒಬ್ಬರು. ಮರುದಿನವೇ ಅವರು ಅದೇ ಅನಿಲ ಎಳೆದುಕೊಂಡು, ಸಹೋದ್ಯೋಗಿಯಿಂದ ತಮ್ಮದೇ ಹಲ್ಲು ಕೀಳಿಸಿಕೊಂಡರು. ನೋವಾಗಲಿಲ್ಲ.

1845ರ ಜನವರಿಯಲ್ಲಿ ವೆಲ್ಸ್ ಬಾಸ್ಟನ್ ನಗರಕ್ಕೆ ಹೋಗಿ ವೈದ್ಯರು, ವಿದ್ಯಾರ್ಥಿಗಳ ಮುಂದೆ ಇದನ್ನು ಮಾಡಿ ತೋರಿಸಿದರು. ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟಿದ್ದರು. ರೋಗಿ ನರಳಿದ. ಸೇರಿದ್ದವರು ಮೋಸ ಎಂದು ಗೇಲಿ ಮಾಡಿ ಕಳಿಸಿದರು. ವೆಲ್ಸ್ ಆ ಅವಮಾನದಿಂದ ಚೇತರಿಸಿಕೊಳ್ಳಲೇ ಇಲ್ಲ. ಅವರ ಜೊತೆ ಮೊದಲು ಕೆಲಸ ಮಾಡಿದ್ದ ಇನ್ನೊಬ್ಬ ಹಲ್ಲಿನ ಡಾಕ್ಟರು ವಿಲಿಯಂ ಮಾರ್ಟನ್ 1846ರ ಸೆಪ್ಟೆಂಬರ್ 30ರಂದು ಈಥರ್ ಕೊಟ್ಟು ಹಲ್ಲು ಕಿತ್ತರು. ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಈಥರ್ ಕೊಟ್ಟರು, ಸರ್ಜನ್ ಜಾನ್ ವಾರನ್ ರೋಗಿಯ ಕುತ್ತಿಗೆಯ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿದರು. ಅರಿವಳಿಕೆಯ ಯುಗ ಶುರುವಾದದ್ದು ಆ ದಿನ ಎನ್ನುತ್ತಾರೆ. ವೆಲ್ಸ್ ಕ್ಲೋರೋಫಾರ್ಮ್ ಪ್ರಯೋಗಗಳನ್ನು ತಮ್ಮ ಮೇಲೇ ಮಾಡಿಕೊಳ್ಳುತ್ತಾ ಅದರ ಚಟಕ್ಕೆ ಬಿದ್ದರು. 1848ರ ಜನವರಿಯಲ್ಲಿ ನ್ಯೂಯಾರ್ಕ್ ಜೈಲಿನಲ್ಲಿ ತಮ್ಮ ಜೀವ ತಾವೇ ಕಳೆದುಕೊಂಡಾಗ ಅವರ ವಯಸ್ಸು 33.

ಅವರ ಅನಿಲ ಮಾತ್ರ ಉಳಿಯಿತು. ಅದೇ ಕೋಲ್ಟನ್ 1863ರಿಂದ ಹಲ್ಲು ಕೀಳಲು ಅದನ್ನು ಮತ್ತೆ ಬಳಕೆಗೆ ತಂದರು. ಇವತ್ತಿಗೂ ಮೂಗಿನ ಮೇಲೆ ಪುಟ್ಟ ಮುಖವಾಡ ಇಟ್ಟು, ಆಮ್ಲಜನಕದ ಜೊತೆ ಬೆರೆಸಿ ಈ ಅನಿಲ ಕೊಡುವ ಹಲ್ಲಿನ ಆಸ್ಪತ್ರೆಗಳಿವೆ. ಇದರ ಒಂದು ಗುಣವನ್ನು ನೆನಪಿಟ್ಟುಕೊಳ್ಳಿ. ನಲ್ಲಿ ತಿರುಗಿಸಿ ಅನಿಲ ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಅಮಲು ಇಳಿಯುತ್ತದೆ. ಮಾತ್ರೆಗೆ ಆ ಗುಣ ಇಲ್ಲ.

ಹೈದರಾಬಾದಿನಲ್ಲಿ ಎದ್ದ ಪ್ರಶ್ನೆ

1847ರ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು. ವಾಸನೆ ಸಿಹಿ, ಕೆಲಸ ಬೇಗ. ಎರಡೂವರೆ ತಿಂಗಳಲ್ಲೇ, 1848ರ ಜನವರಿ 28ರಂದು, ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳುವಾಗ ಅದರಿಂದ ಸತ್ತಳು. ಅಷ್ಟು ಸಣ್ಣ ಕೆಲಸಕ್ಕೆ ಒಂದು ಪ್ರಾಣ. ಆಮೇಲೆ ಹಲ್ಲಿನ ಕುರ್ಚಿಯಲ್ಲೂ ಇಂಥ ಸಾವುಗಳಾದವು. ಕ್ಲೋರೋಫಾರ್ಮ್ ಕೊಲ್ಲುವುದು ಹೃದಯ ನಿಲ್ಲಿಸಿಯೋ, ಉಸಿರು ನಿಲ್ಲಿಸಿಯೋ? ಕೊಡುವವನು ನಾಡಿ ಹಿಡಿದು ಕೂರಬೇಕೋ, ಎದೆ ಏರಿಳಿಯುವುದನ್ನು ನೋಡಬೇಕೋ? ಈ ಜಗಳ 40 ವರ್ಷ ನಡೆಯಿತು.

ಇದಕ್ಕೆ ಉತ್ತರ ಹುಡುಕಲು ದುಡ್ಡು ಕೊಟ್ಟವರು ಹೈದರಾಬಾದಿನ ನಿಜಾಮರು. ಇಂದಿನ ಬೀದರ್, ಕಲಬುರಗಿ, ರಾಯಚೂರು ಕಡೆಯ ಓದುಗರ ಮುತ್ತಾತಂದಿರು ಆಗ ಇದೇ ನಿಜಾಮರ ಪ್ರಜೆಗಳು. ಅಲ್ಲಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಅವರ ಮುಂದಾಳತ್ವದಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯರು ಹಡಗು ಹತ್ತಿ ಬಂದರು. ನೂರಾರು ನಾಯಿ, ಕೋತಿಗಳ ಮೇಲೆ ಪ್ರಯೋಗ ನಡೆಯಿತು. ಅದೇ ವೈದ್ಯಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಮುಂದೆ ಅರಿವಳಿಕೆ ಕೊಡುವುದನ್ನೇ ವೃತ್ತಿ ಮಾಡಿಕೊಂಡರು. ಪ್ರಪಂಚದಲ್ಲೇ ಆ ಕೆಲಸಕ್ಕೆ ಇಳಿದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು.

ಆಯೋಗದ ತೀರ್ಮಾನ ಇದು: ಮೊದಲು ನಿಲ್ಲುವುದು ಉಸಿರು, ಹಾಗಾಗಿ ಕಣ್ಣು ಉಸಿರಿನ ಮೇಲಿರಲಿ. ಇದು ಅರ್ಧ ಸತ್ಯ. ಕ್ಲೋರೋಫಾರ್ಮ್ ಹೃದಯವನ್ನೂ ನೇರವಾಗಿ ನಿಲ್ಲಿಸಬಲ್ಲದು ಎಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ಕ್ಲೋರೋಫಾರ್ಮ್ ಕ್ರಮೇಣ ಬಳಕೆಯಿಂದಲೇ ಹೋಯಿತು. ಆದರೂ ಹೈದರಾಬಾದಿನಲ್ಲಿ ಗಟ್ಟಿಯಾಗಿ ಹೇಳಿದ ಮಾತು, ಮಂಪರು ಕೊಟ್ಟವರು ಉಸಿರಿನಿಂದ ಕಣ್ಣು ಕೀಳಬಾರದು ಎನ್ನುವುದು, ಇವತ್ತಿನ ಮಾತ್ರೆಗೂ ಹಾಗೇ ಅನ್ವಯಿಸುತ್ತದೆ.

ಜೋಮು ಬಂತು, ಭಯ ಹೋಗಲಿಲ್ಲ

ಮೈಯೆಲ್ಲ ಪ್ರಜ್ಞೆ ತಪ್ಪಿಸುವ ಬದಲು ಹಲ್ಲಿನ ಜಾಗವನ್ನಷ್ಟೇ ಮರಗಟ್ಟಿಸಿದರೆ? 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿ ಮರಗಟ್ಟಿಸಿದರು. ಅದೇ ವರ್ಷ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ದವಡೆಯ ನರದ ಬಳಿ ಅದನ್ನು ಚುಚ್ಚಿ ನೋಡಿದರು. ಕೆಲಸವೇನೋ ಆಯಿತು, ಆದರೆ ಹಾಲ್‌ಸ್ಟೆಡ್ ಅವರೇ ಕೊಕೇನ್ ಚಟಕ್ಕೆ ಬಿದ್ದರು. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಆಲ್ಫ್ರೆಡ್ ಐನ್‌ಹಾರ್ನ್ ಚಟ ಹಿಡಿಸದ ನೊವೊಕೇನ್ ತಯಾರಿಸಿದರು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೊಕೇನ್ ಕಂಡುಹಿಡಿದರು. ಇವತ್ತು ನಿಮ್ಮ ವಸಡಿಗೆ ಚುಚ್ಚಿದಾಗ ತುಟಿ ದಪ್ಪಗಾದಂತೆ, ಕೆನ್ನೆ ನಿಮ್ಮದಲ್ಲವೇನೋ ಎಂಬಂತೆ ಜೋಮು ಹಿಡಿಯುತ್ತದಲ್ಲ, ಅದು ಹೆಚ್ಚಾಗಿ ಇದೇ ಔಷಧ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ನೋವೇ ಇಲ್ಲದ ಮೇಲೆ ಭಯವೇಕೆ? ಆದರೆ ಭಯ ಹೋಗಲಿಲ್ಲ. ಈಗ ಅದು ಸೂಜಿಯ ಕಡೆಗೆ, ಗಿರಗಿರ ಸದ್ದು ಮಾಡುವ ಡ್ರಿಲ್ಲಿನ ಕಡೆಗೆ, ಚಿಕ್ಕಂದಿನಲ್ಲಿ ಯಾರೋ ಕೈಕಾಲು ಅದುಮಿ ಹಿಡಿದಿದ್ದ ನೆನಪಿನ ಕಡೆಗೆ ತಿರುಗಿತ್ತು.

1969ರಲ್ಲಿ ಅಮೆರಿಕದ ನಾರ್ಮನ್ ಕೋರಾ ಎಂಬುವರು ಈ ಭಯವನ್ನು ಅಳೆಯಲು ನಾಲ್ಕೇ ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ನಾಳೆ ಹಲ್ಲಿನ ಡಾಕ್ಟರ ಬಳಿ ಹೋಗಬೇಕು ಎಂದರೆ ಹೇಗನಿಸುತ್ತದೆ? ಹೊರಗೆ ಸರದಿಗೆ ಕಾಯುವಾಗ? ಡ್ರಿಲ್ ತಯಾರು ಮಾಡುವಾಗ? ಹಲ್ಲು ಉಜ್ಜಿ ಶುಚಿ ಮಾಡುವ ಸಲಕರಣೆ ತೆಗೆದುಕೊಳ್ಳುವಾಗ? ಉತ್ತರಗಳಿಗೆ ಅಂಕ ಕೊಟ್ಟರೆ 4ರಿಂದ 20ರವರೆಗೆ ಬರುತ್ತದೆ. ಗಮನಿಸಿ, ಇದರಲ್ಲಿ ಎರಡು ಪ್ರಶ್ನೆಗಳು ಕುರ್ಚಿಗೆ ಹೋಗುವುದಕ್ಕಿಂತ ಮೊದಲಿನವು. ವಸಡಿಗೆ ಚುಚ್ಚುವ ಯಾವ ಇಂಜೆಕ್ಷನ್ನೂ ಹಿಂದಿನ ರಾತ್ರಿಯ ಭಯವನ್ನು ಮುಟ್ಟಲಾರದು. ಮಾತ್ರೆ ಮುಟ್ಟಬಲ್ಲದು. ಅದಕ್ಕೇ ಮಾತ್ರೆಗೆ ಬೇಡಿಕೆ.

ನುಂಗುವ ಔಷಧಗಳ ಸಾಲು

ಭಯಕ್ಕೆ ನುಂಗಿದ ಮೊದಲ ಔಷಧ ಹೆಂಡ. ಎರಡನೆಯದು ಅಫೀಮು. ಅಮೆರಿಕದಲ್ಲಿ 1849ರಿಂದ 'ಮಿಸೆಸ್ ವಿನ್‌ಸ್ಲೋಸ್ ಸಿರಪ್' ಎಂಬ ಔಷಧ ಮಾರಾಟಕ್ಕೆ ಬಂತು. ಹಲ್ಲು ಹುಟ್ಟುವಾಗ ಅಳುವ ಕೂಸುಗಳನ್ನು ಸುಮ್ಮನಾಗಿಸಲು ತಾಯಂದಿರು ಅದನ್ನು ಕುಡಿಸುತ್ತಿದ್ದರು. ಕೂಸು ಸುಮ್ಮನಾಗುತ್ತಿತ್ತು, ಏಕೆಂದರೆ ಅದರಲ್ಲಿ ಅಫೀಮಿನಿಂದ ತೆಗೆದ ಮಾರ್ಫೀನ್ ಇತ್ತು. ಕೆಲವು ಕೂಸುಗಳು ಮತ್ತೆ ಏಳಲೇ ಇಲ್ಲ. ಬಾಟಲಿಯ ಮೇಲೆ ಒಳಗೆ ಏನಿದೆ ಎಂದು ಬರೆಯಲೇಬೇಕು ಎಂಬ ಕಾನೂನು ಅಲ್ಲಿ ಬಂದದ್ದು 1906ರಲ್ಲಿ. 1911ರಲ್ಲಿ ಅಲ್ಲಿನ ವೈದ್ಯರ ಸಂಘ ಇಂಥ ಸಿರಪ್‌ಗಳನ್ನು ಶಿಶುಗಳನ್ನು ಕೊಲ್ಲುವ ಔಷಧಗಳ ಸಾಲಿಗೆ ಸೇರಿಸಿತು.

ಮೂರನೆಯದು ಕ್ಲೋರಾಲ್ ಹೈಡ್ರೇಟ್. ಜರ್ಮನಿಯ ಲೀಬಿಗ್ 1832ರಲ್ಲಿ ಇದನ್ನು ತಯಾರಿಸಿದ್ದರು. ಇದರಿಂದ ನಿದ್ದೆ ಬರುತ್ತದೆ ಎಂದು 1869ರಲ್ಲಿ ಬರ್ಲಿನ್ನಿನ ಆಸ್ಕರ್ ಲೀಬ್‌ರೈಶ್ ಹೇಳಿದರು. ಕಹಿ, ಗಂಟಲು ಉರಿಸುವ ದ್ರವ. ಆದರೂ ಹೆದರುವ ಮಕ್ಕಳ ಹಲ್ಲಿನ ಚಿಕಿತ್ಸೆಗೆ ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರವೂ ಇದು ಬಳಕೆಯಲ್ಲಿತ್ತು. 1903ರಲ್ಲಿ ಬಾರ್ಬಿಟಾಲ್ ಬಂತು. ಅದರ ಜಾತಿಯ ಮಾತ್ರೆಗಳಲ್ಲಿ ನಿದ್ದೆ ಬರಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ನಡುವಿನ ಅಂತರ ಕಡಿಮೆ.

ದೊಡ್ಡ ತಿರುವು ಸಿಕ್ಕಿದ್ದು ಒಂದು ಪ್ರಯೋಗಾಲಯದ ಕಸ ಗುಡಿಸುವಾಗ. ಲಿಯೊ ಸ್ಟರ್ನ್‌ಬಾಕ್ ಎಂಬ ಯಹೂದಿ ರಸಾಯನಶಾಸ್ತ್ರಜ್ಞರು ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು 1941ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ರೋಶ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಮನಸ್ಸು ಶಾಂತಗೊಳಿಸುವ ಔಷಧಕ್ಕಾಗಿ ಮಾಡಿದ ಅವರ ಪ್ರಯೋಗಗಳು ಫಲ ಕೊಡಲಿಲ್ಲ. ಕಂಪನಿ ಬೇರೆ ಕೆಲಸ ಹಚ್ಚಿತು. 1957ರಲ್ಲಿ ಮೇಜು ಸ್ವಚ್ಛ ಮಾಡುವಾಗ, ಪರೀಕ್ಷೆಗೆ ಕಳಿಸದೆ ಉಳಿದಿದ್ದ ಒಂದು ಪುಡಿ ಸಹಾಯಕರ ಕಣ್ಣಿಗೆ ಬಿತ್ತು. ಎಸೆಯುವ ಬದಲು ಪರೀಕ್ಷೆಗೆ ಕಳಿಸಿದರು. ಪ್ರಾಣಿಗಳು ಶಾಂತವಾದವು, ಆದರೆ ಎಚ್ಚರವಾಗಿಯೇ ಇದ್ದವು. 1960ರಲ್ಲಿ ಅದು ಲಿಬ್ರಿಯಮ್ ಎಂದು ಪೇಟೆಗೆ ಬಂತು. 1963ರಲ್ಲಿ ಅದರ ತಮ್ಮ ಡಯಾಜೆಪಾಮ್, ವ್ಯಾಲಿಯಮ್ ಎಂಬ ಹೆಸರಿನಲ್ಲಿ ಬಂತು. ನಮ್ಮಲ್ಲಿ ಅದೇ ದಶಕದ ಕೊನೆಗೆ ರ‍್ಯಾನ್‌ಬಾಕ್ಸಿ ಕಂಪನಿ ಇದನ್ನು 'ಕಾಂಪೋಸ್' ಎಂದು ಮಾರತೊಡಗಿತು. ಹಳೆಯ ತಲೆಮಾರಿನವರಿಗೆ ಆ ಹೆಸರು ನೆನಪಿರುತ್ತದೆ.

ನಮ್ಮ ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ಗಾಡಿಗೆ ಬ್ರೇಕ್ ಇದ್ದ ಹಾಗೆ, ನರಗಳ ಓಟವನ್ನು ಅದು ತಗ್ಗಿಸುತ್ತದೆ. ಡಯಾಜೆಪಾಮ್ ಜಾತಿಯ ಮಾತ್ರೆಗಳು ತಾವೇ ಬ್ರೇಕ್ ಹಾಕುವುದಿಲ್ಲ, ಗಾಬಾ ಹಾಕುವ ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಹಾಗಾಗಿ ಹಳೆಯ ಬಾರ್ಬಿಟಾಲ್ ಜಾತಿಗಿಂತ ಇವು ಎಷ್ಟೋ ಸುರಕ್ಷಿತ. ಹಲ್ಲಿನ ಡಾಕ್ಟರುಗಳಿಗೆ ಬೇಕಾಗಿದ್ದುದೂ ಇಂಥದ್ದೇ. 1982ರಲ್ಲಿ ಅಮೆರಿಕದಲ್ಲಿ ಟ್ರಯಜೋಲಾಮ್ ಬಂತು. ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ನಡೆದದ್ದೂ ಅಷ್ಟಾಗಿ ನೆನಪಿರುವುದಿಲ್ಲ. ಅದೇ ಮರೆವು, ಮನಸ್ಸಿನ ಏರುಪೇರಿನ ದೂರುಗಳ ಮೇಲೆ ಬ್ರಿಟನ್ 1991ರಲ್ಲಿ ಅದನ್ನು ನಿಷೇಧಿಸಿತು. ಅಮೆರಿಕದಲ್ಲಿ ಮಾತ್ರ ಅದು ಉಳಿಯಿತು. ಮಕ್ಕಳಿಗಾಗಿ ಮಿಡಜೋಲಾಮ್ ಸಿರಪ್‌ಗೆ ಅಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು.

ನುಂಗಿದ್ದು ವಾಪಸ್ ಬರುವುದಿಲ್ಲ

ಮಾತ್ರೆಯ ಒಳ್ಳೆಯ ಗುಣವೇ ಅದರ ಕೆಟ್ಟ ಗುಣವೂ ಹೌದು. ಸೂಜಿ ಬೇಡ, ಯಂತ್ರ ಬೇಡ, ನುಂಗಿದರೆ ಸಾಕು. ಆದರೆ ಅದು ಹೊಟ್ಟೆಯಿಂದ ರಕ್ತಕ್ಕೆ ಸೇರಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಊಟ ಮಾಡಿದ್ದರೆ ಇನ್ನೂ ತಡ. ಒಬ್ಬರಿಗೆ ಏನೂ ಅನಿಸದ ಪ್ರಮಾಣ ಇನ್ನೊಬ್ಬರನ್ನು ಗಾಢ ನಿದ್ದೆಗೆ ತಳ್ಳಬಹುದು. ಇನ್ನೂ ಏರಲಿಲ್ಲವಲ್ಲ ಎಂದು ಇನ್ನೊಂದು ಕೊಟ್ಟರೆ, ಎರಡೂ ಒಟ್ಟಿಗೆ ಏರಿಬಿಡಬಹುದು. ಅನಿಲದ ನಲ್ಲಿಯಂತೆ ಇದನ್ನು ತಿರುಗಿಸಿ ನಿಲ್ಲಿಸಲು ಬರುವುದಿಲ್ಲ.

ನಿದ್ದೆ ಗಾಢವಾದಾಗ ನಾಲಿಗೆ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಬೇರೆ ಚಿಕಿತ್ಸೆಗಿಂತ ಹಲ್ಲಿನ ಚಿಕಿತ್ಸೆಯಲ್ಲಿ ಇದು ಹೆಚ್ಚು ಅಪಾಯ. ಡಾಕ್ಟರ ಕೈ, ಸಲಕರಣೆ, ನೀರು, ರಕ್ತ ಎಲ್ಲವೂ ಉಸಿರಾಡುವ ದಾರಿಯಲ್ಲೇ ಇರುತ್ತವೆ. ಹೆಂಡ ಕುಡಿದಿದ್ದರೆ, ಅಫೀಮಿನ ಜಾತಿಯ ನೋವಿನ ಮಾತ್ರೆ ಜೊತೆಗಿದ್ದರೆ ಒಂದು ಮತ್ತೊಂದರ ಅಮಲನ್ನು ಹೆಚ್ಚಿಸುತ್ತದೆ.

ಅಮೆರಿಕದಲ್ಲಿ ಹಲ್ಲಿನ ಚಿಕಿತ್ಸಾಲಯಗಳಲ್ಲಿ ಮಕ್ಕಳು ಸತ್ತ ಬಳಿಕ, 1985ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಮಂಪರು ಕೊಡುವುದಕ್ಕೆ ಮೊದಲ ಬಾರಿ ಲಿಖಿತ ನಿಯಮ ಮಾಡಿತು. 2000ದಲ್ಲಿ ಚಾರ್ಲ್ಸ್ ಕೋಟೆ ಎಂಬ ಅರಿವಳಿಕೆ ತಜ್ಞರು ಮತ್ತು ಸಂಗಡಿಗರು ಮಕ್ಕಳಿಗೆ ಮಂಪರು ಕೊಟ್ಟಾಗ ಆದ 95 ಅವಘಡಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅವುಗಳಲ್ಲಿ 60 ಮಕ್ಕಳು ಸತ್ತಿದ್ದರು ಅಥವಾ ಮೆದುಳಿಗೆ ಶಾಶ್ವತ ಪೆಟ್ಟಾಗಿತ್ತು. ಇವು ಹಲ್ಲಿನವು ಮಾತ್ರವಲ್ಲ, ಎಲ್ಲ ಬಗೆಯ ಚಿಕಿತ್ಸೆಯವು. ಆದರೆ ಹಲ್ಲಿನ ಚಿಕಿತ್ಸೆಯಲ್ಲಿ ಮೂರು ಅಥವಾ ಹೆಚ್ಚು ಔಷಧ ಬೆರೆಸಿ ಕೊಟ್ಟಾಗ ಆದ ಅನಾಹುತಗಳು ಎದ್ದು ಕಂಡವು. ತಪ್ಪು ಯಾವುದೋ ಒಂದು ಔಷಧದ್ದಾಗಿರಲಿಲ್ಲ. ಪ್ರಮಾಣ ಹೆಚ್ಚಾಗಿತ್ತು, ನೋಡಿಕೊಳ್ಳುವುದು ಕಡಿಮೆಯಾಗಿತ್ತು. ಕೆಲವು ಮಕ್ಕಳಿಗೆ ಅಪಾಯ ಆದದ್ದು ಆಸ್ಪತ್ರೆಯಲ್ಲೂ ಅಲ್ಲ, ಬರುವ ಹೋಗುವ ಕಾರಿನಲ್ಲಿ ಮತ್ತು ಮನೆಯಲ್ಲಿ.

ಬ್ರಿಟನ್ನಿನಲ್ಲಿ ಹಲ್ಲಿನ ಕುರ್ಚಿಯಲ್ಲೇ ಪೂರ್ತಿ ಪ್ರಜ್ಞೆ ತಪ್ಪಿಸುವ ಪದ್ಧತಿ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದಿತ್ತು. ಸಾವುಗಳು ನಿಲ್ಲಲಿಲ್ಲ. 2001ರ ಕೊನೆಗೆ ಅದನ್ನು ನಿಲ್ಲಿಸಿ, ತುರ್ತು ಸೌಲಭ್ಯ ಇರುವ ಆಸ್ಪತ್ರೆಗಳಿಗೆ ಮಾತ್ರ ಸೀಮಿತ ಮಾಡಿದರು. ಸಣ್ಣ ಚಿಕಿತ್ಸಾಲಯಗಳಿಗೆ ಉಳಿದದ್ದು ಜೋಮಿನ ಇಂಜೆಕ್ಷನ್ ಮತ್ತು ಎಚ್ಚರ ತಪ್ಪಿಸದ ಹಗುರ ಮಂಪರು.

ಬೆರಳಿಗೆ ಸಿಕ್ಕಿಸುವ ಕಾವಲುಗಾರ

ಕೊರೊನಾ ಕಾಲದಲ್ಲಿ ಮನೆಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಯರು ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸಿ 97, 98 ಎಂದು ಓದುತ್ತಿದ್ದುದು ನೆನಪಿದೆಯಲ್ಲ? ಆ ಆಕ್ಸಿಮೀಟರಿನ ಮೂಲ ಉಪಾಯ ಜಪಾನಿನ ಟಕುವೊ ಅಯೊಯಾಗಿ ಎಂಬ ಎಂಜಿನಿಯರರದ್ದು. ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವ ವಿಧಾನವನ್ನು ಅವರು 1974ರಲ್ಲಿ ಮಂಡಿಸಿದರು. ಪ್ರಪಂಚವೆಲ್ಲ ಆ ಯಂತ್ರಕ್ಕೆ ಮುಗಿಬಿದ್ದಿದ್ದ 2020ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು.

ಕೊರೊನಾ ಬರುವ ಎಷ್ಟೋ ವರ್ಷ ಮೊದಲೇ ಈ ಕ್ಲಿಪ್ಪು ಅರಿವಳಿಕೆ ಕೊಡುವವರ ಬಲಗೈ ಆಗಿತ್ತು. ಹೈದರಾಬಾದಿನವರು ಕಣ್ಣಲ್ಲಿ ನೋಡಿ ಎಂದದ್ದನ್ನು ಇದು ಅಂಕಿಯಲ್ಲಿ ತೋರಿಸಿತು. ಆದರೆ ಇದನ್ನೇ ನಂಬಿ ಕೂರುವಂತಿಲ್ಲ. ಉಸಿರು ನಿಂತು ಸ್ವಲ್ಪ ಹೊತ್ತಾದ ಮೇಲೆ ಅಂಕಿ ಇಳಿಯುತ್ತದೆ. ಎದೆ ಏರಿಳಿಯುವುದನ್ನು ನೋಡುವ ಒಬ್ಬ ಮನುಷ್ಯರು ಪಕ್ಕದಲ್ಲಿ ಇರಲೇಬೇಕು. ಹಲ್ಲು ಕೀಳುತ್ತಿರುವ ಡಾಕ್ಟರ ಕಣ್ಣು ಹಲ್ಲಿನ ಮೇಲಿರುತ್ತದೆ. ಹಾಗಾಗಿ ಕಾವಲಿಗೆ ಬೇರೆಯವರೇ ಬೇಕು.

ನಮಗೆ ಇದರಿಂದ ಏನು?

ಮೊದಲ ಮಾತು: ಬಹಳ ಜನರ ಭಯಕ್ಕೆ ಮಾತ್ರೆಯೇ ಬೇಕಾಗುವುದಿಲ್ಲ. 1959ರಲ್ಲಿ ಆಡೆಲ್‌ಸ್ಟನ್ ಎಂಬ ಅಮೆರಿಕದ ಹಲ್ಲಿನ ಡಾಕ್ಟರು ಮಕ್ಕಳಿಗಾಗಿ ಮೂರು ಮಾತಿನ ಉಪಾಯ ಹೇಳಿದರು: ಹೇಳು, ತೋರಿಸು, ಆಮೇಲೆ ಮಾಡು. ಇದು ದೊಡ್ಡವರಿಗೂ ಆಗುತ್ತದೆ. ನನಗೆ ಭಯ ಇದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನೋವಾದರೆ ಕೈ ಎತ್ತುತ್ತೇನೆ, ಆಗ ನಿಲ್ಲಿಸಿ ಎಂದು ಮೊದಲೇ ಮಾತಾಡಿಕೊಳ್ಳಿ. ಮಕ್ಕಳಿಗೆ "ಗಲಾಟೆ ಮಾಡಿದರೆ ಸೂಜಿ ಚುಚ್ಚಿಸ್ತೀನಿ" ಎಂದು ಹೆದರಿಸುವುದನ್ನು ಬಿಡೋಣ. ಅವತ್ತು ಬಿತ್ತಿದ ಭಯ ನಲವತ್ತು ವರ್ಷ ಆದರೂ ಬಾಯಿ ತೆರೆಯಲು ಬಿಡುವುದಿಲ್ಲ.

ಎರಡನೆಯದು: ಧೈರ್ಯಕ್ಕೆ ಒಂದು ಕ್ವಾರ್ಟರ್ ಹಾಕಿಕೊಂಡು ಹೋಗುವುದು, ಮನೆಯಲ್ಲಿ ಅಜ್ಜಿಗೆ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ನಾವು ನುಂಗಿ ಹೋಗುವುದು ಬೇಡವೇ ಬೇಡ. ಡಾಕ್ಟರಿಗೆ ಗೊತ್ತಿಲ್ಲದ ಔಷಧ ಹೊಟ್ಟೆಯಲ್ಲಿದ್ದರೆ ಅವರು ಕೊಡುವ ಔಷಧ ಹೇಗೆ ವರ್ತಿಸುತ್ತದೆ ಎಂದು ಅವರಿಗೂ ಗೊತ್ತಾಗುವುದಿಲ್ಲ. ಡಯಾಜೆಪಾಮ್, ಆಲ್‌ಪ್ರಜೋಲಾಮ್, ಮಿಡಜೋಲಾಮ್ ನಮ್ಮ ದೇಶದಲ್ಲಿ 2013ರಲ್ಲಿ ಮಾಡಿದ ಎಚ್-1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.

ಮೂರನೆಯದು: ಡಾಕ್ಟರೇ ಮಂಪರು ಮಾತ್ರೆಯೋ ಸಿರಪ್ಪೋ ಕೊಡುತ್ತೇನೆ ಎಂದರೆ ಸಂಕೋಚ ಬಿಟ್ಟು ಕೇಳಿ. ಎಷ್ಟು ಹೊತ್ತು ಮೊದಲು ಊಟ ನಿಲ್ಲಿಸಬೇಕು? ಚಿಕಿತ್ಸೆ ಮುಗಿಯುವವರೆಗೆ ಉಸಿರು ನೋಡಿಕೊಳ್ಳುವವರು ಯಾರು? ಬೆರಳಿನ ಕ್ಲಿಪ್ಪು, ಆಕ್ಸಿಜನ್ ಇದೆಯೇ? ಉಸಿರು ನಿಂತರೆ ಏನು ಮಾಡುತ್ತೀರಿ? ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ. ನಿಮ್ಮ ಕಡೆಯಿಂದ ಅವರಿಗೆ ತಿಳಿಸಬೇಕಾದದ್ದೂ ಇದೆ: ದಿನಾ ತೆಗೆದುಕೊಳ್ಳುವ ಮಾತ್ರೆಗಳು, ಕುಡಿತ, ದಮ್ಮು, ಜೋರು ಗೊರಕೆ, ಬಸಿರು.

ನಾಲ್ಕನೆಯದು ಬರುವ ಹೋಗುವ ದಾರಿ. ಮನೆಯಲ್ಲೇ ಮಗುವಿಗೆ ಕುಡಿಸಿ ಕರೆತನ್ನಿ ಎಂದರೆ ಒಪ್ಪಬೇಡಿ, ಔಷಧ ಆಸ್ಪತ್ರೆಯಲ್ಲೇ ಆಗಲಿ. ಮುಗಿದ ಮೇಲೆ ಪೂರ್ತಿ ಎಚ್ಚರ ಆಗುವವರೆಗೆ ಅಲ್ಲೇ ಕೂರಿ. ಮಂಪರಿನ ಮಗುವನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬರುವುದು ಬೇಡ. ಕುತ್ತಿಗೆ ಮುಂದಕ್ಕೆ ಬಾಗಿ, ಗಲ್ಲ ಎದೆಗೆ ಒತ್ತಿದರೆ ಉಸಿರಿನ ದಾರಿ ಮುಚ್ಚುತ್ತದೆ. ಗಾಡಿ ಓಡಿಸುವವರಿಗೆ ಅದು ಕಾಣುವುದೂ ಇಲ್ಲ. ದೊಡ್ಡವರೂ ಅಷ್ಟೇ. ಆ ದಿನ ಬೈಕು, ಟ್ರ್ಯಾಕ್ಟರು, ಮೇವು ಕತ್ತರಿಸುವ ಯಂತ್ರ ಮುಟ್ಟಬೇಡಿ. ಜೊತೆಗೊಬ್ಬರು ಇರಲಿ.

ವೆಲ್ಸ್ ಅವರ ಅನಿಲದಿಂದ ಬೆರಳಿನ ಕ್ಲಿಪ್ಪಿನವರೆಗೆ ಸುಮಾರು 130 ವರ್ಷಗಳ ದಾರಿ. ಅಷ್ಟು ವರ್ಷಗಳಲ್ಲಿ ಔಷಧಗಳು ಬದಲಾದವು, ಕಾವಲಿನ ಅಗತ್ಯ ಬದಲಾಗಲಿಲ್ಲ. ಹಲ್ಲು ನೋಯುತ್ತಿದ್ದರೆ ಲವಂಗ ಕಚ್ಚಿ ವಾರ ದೂಡಬೇಡಿ, ಹೋಗಿ ತೋರಿಸಿ. ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಲ್ಲಿನ ಡಾಕ್ಟರು ಇದ್ದಾರೆ. ಭಯ ಇದ್ದರೆ ಅದನ್ನೇ ಅವರಿಗೆ ಮೊದಲು ಹೇಳಿ.